ಚಪ್ಪರಕ್ಕೆ ಬರುವ ಹಿರಿಯರು

2024ರ ಅಕ್ಟೋಬರ್ 12, ವಿಜಯದಶಮಿ. ಜಂಬೂಸವಾರಿ ನೋಡಲು ಜನ ಬೆಳಗಿನಿಂದಲೇ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಇಕ್ಕೆಲದಲ್ಲಿ ಜಾಗ ಹಿಡಿದು ಕೂತಿದ್ದರು. ಅದೇ ದಿನ ಜಗತ್ತಿನ ಉದ್ದಗಲಕ್ಕೂ ಯಹೂದಿಗಳು ಬಿಳಿಬಟ್ಟೆ ಉಟ್ಟು, ಚರ್ಮದ ಚಪ್ಪಲಿಯನ್ನೂ ಬಿಟ್ಟು, ಹನಿ ನೀರು ಮುಟ್ಟದೆ ಪ್ರಾರ್ಥನೆಯಲ್ಲಿದ್ದರು. ಅವರ ವರ್ಷದ ಅತಿ ಗಂಭೀರ ದಿನವಾದ ಯೋಮ್ ಕಿಪ್ಪೂರ್ ಅಂದು ಬಿದ್ದಿತ್ತು. ಮರುವರ್ಷ ಅಕ್ಟೋಬರ್ 2ರಂದೂ ಹಾಗೆಯೇ ಆಯಿತು. ಇಲ್ಲಿ ಅಂಬಾರಿ, ಅಲ್ಲಿ ಉಪವಾಸ.

ಇದನ್ನು ಕಾಕತಾಳೀಯ ಎಂದು ತಳ್ಳಿಹಾಕುವಂತಿಲ್ಲ. ನಮ್ಮ ಒಂಟಿಕೊಪ್ಪಲ್ ಪಂಚಾಂಗವೂ ಅವರ ಪಂಚಾಂಗವೂ ಒಂದೇ ಚಂದ್ರನನ್ನು ನೋಡಿ ತಿಂಗಳು ಎಣಿಸುತ್ತವೆ, ಒಂದೇ ಸೂರ್ಯನ ಜೊತೆ ಹೊಂದಿಸಿಕೊಳ್ಳಲು ಅಧಿಕ ಮಾಸ ಹಾಕುತ್ತವೆ. ಅವರದು 19 ವರ್ಷಕ್ಕೆ 7 ಅಧಿಕ ಮಾಸ, ನಮ್ಮದೂ ಹೆಚ್ಚುಕಡಿಮೆ ಅಷ್ಟೇ. ಅವರು ಪ್ರತಿ ಸಲವೂ ಚಳಿಗಾಲದ ಕೊನೆಯ ಅದಾರ್ ಮಾಸವನ್ನೇ ಇಮ್ಮಡಿಸುತ್ತಾರೆ. ನಾವು ಸಂಕ್ರಾಂತಿಯಿಲ್ಲದ ತಿಂಗಳು ಯಾವುದೋ ಅದನ್ನು ಅಧಿಕವೆನ್ನುತ್ತೇವೆ. ಹಾಗಾಗಿ ಅವರ ವರ್ಷಾರಂಭದ ತಿಶ್ರಿ ಮಾಸ ಕೆಲವು ವರ್ಷ ನಮ್ಮ ಆಶ್ವಯುಜಕ್ಕೆ ಬೀಳುತ್ತದೆ, ಕೆಲವು ವರ್ಷ ಭಾದ್ರಪದಕ್ಕೆ. ಆಶ್ವಯುಜಕ್ಕೆ ಬಿದ್ದ ವರ್ಷ ಪಾಡ್ಯದ ನವರಾತ್ರಿ ಕಲಶಕ್ಕೂ ಅವರ ಹೊಸವರ್ಷಕ್ಕೂ, ದಶಮಿಯ ಬನ್ನಿಗೂ ಅವರ ಉಪವಾಸಕ್ಕೂ ಗಂಟು ಬೀಳುತ್ತದೆ. ಅವರಲ್ಲೂ ಪಾಡ್ಯದಿಂದ ದಶಮಿಯವರೆಗೆ ಹತ್ತು ದಿನ ಒಂದೇ ಕಟ್ಟು.

ಮೈಸೂರಿನ ಲಕ್ಷ್ಮೀಪುರಂ ಬಡಾವಣೆಯವರಿಗೆ ಚಂದ್ರನ ಲೆಕ್ಕದ ರಜೆ ಗೊತ್ತಿರುವ ಸಂಗತಿ. 1948ರಲ್ಲಿ ಕೆ. ಪಟ್ಟಾಭಿ ಜೋಯಿಸರು ಇಲ್ಲಿಯ ತಮ್ಮ ಮನೆಯಲ್ಲಿ ಅಷ್ಟಾಂಗ ಯೋಗದ ಸಂಸ್ಥೆ ತೆರೆದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೀಸ್‌ಬೆತ್ ಬಂದು ಕಲಿತು ಹೋದ ಮೇಲೆ ಪರದೇಶದವರು ದಾರಿ ಹುಡುಕಿಕೊಂಡು ಬರತೊಡಗಿದರು. ಹನ್ನೆರಡು ಚಾಪೆ ಹಿಡಿಸುವ ಕೋಣೆ, ಮೆಟ್ಟಿಲ ಮೇಲೆ ಸರದಿಗೆ ಕಾಯುವವರು. ಈ ಶತಮಾನದ ಮೊದಲ ವರ್ಷಗಳಲ್ಲಿ ಶಾಲೆ ಗೋಕುಲಂಗೆ ಹೋಯಿತು. ಆದರೆ ಶನಿವಾರ, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಅಭ್ಯಾಸವಿಲ್ಲ ಎಂಬ ಲಕ್ಷ್ಮೀಪುರಂನ ನಿಯಮ ಜಗತ್ತಿನ ಅಷ್ಟಾಂಗ ಶಾಲೆಗಳಿಗೆಲ್ಲ ಹಬ್ಬಿತು. ಜೋಯಿಸರು ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಪಾಠ ಹೇಳಿದವರು. ಪಾಠಶಾಲೆಯ ಅನಧ್ಯಯನದ ದಿನಗಳ ನೆರಳು ಆ ನಿಯಮದಲ್ಲಿದೆ. ಯಹೂದಿ ಮನೆಯಿಂದ ಬಂದ ವಿದ್ಯಾರ್ಥಿಗೆ ಇದು ಎಷ್ಟು ಪರಿಚಿತವೆನ್ನಿಸಿರಬೇಕು ಎಂದು ನನಗೆ ಆಗಾಗ ಅನ್ನಿಸುವುದುಂಟು. ಶನಿವಾರ ಅವರ ಸಬ್ಬತ್. ಅಮಾವಾಸ್ಯೆ ಕಳೆದು ಚಂದ್ರರೇಖೆ ಮೂಡುವಾಗ ಅವರ ಮಾಸಾರಂಭ. ಪೆಸಾಖ್, ಸುಕ್ಕೋತ್ ಎಂಬ ಎರಡು ದೊಡ್ಡ ಹಬ್ಬಗಳೂ ಹುಣ್ಣಿಮೆಯಲ್ಲಿ ಶುರು.

ಮಡೋನಾ ಎಂಬ ಗಾಯಕಿಯನ್ನು ಇಲ್ಲಿ ನೆನೆಯದೆ ಇರಲಾಗದು. 1998ರ ಆಕೆಯ ‘ರೇ ಆಫ್ ಲೈಟ್’ ಆಲ್ಬಮ್ಮಿನಲ್ಲಿ ಒಂದು ಸಂಸ್ಕೃತ ಹಾಡಿದೆ. ಲಕ್ಷ್ಮೀಪುರಂನ ಕೋಣೆಯಲ್ಲಿ ಅಭ್ಯಾಸಕ್ಕೆ ಮುಂಚೆ ಹೇಳುತ್ತಿದ್ದ ಪ್ರಾರ್ಥನೆಯ ಮಾತುಗಳೇ ಅದರಲ್ಲಿವೆ. ಅದೇ ಕಾಲಕ್ಕೆ ಆಕೆ ಯಹೂದಿಗಳ ಅನುಭಾವ ಪರಂಪರೆಯಾದ ಕಬ್ಬಾಲಾವನ್ನೂ ಕಲಿಯುತ್ತಿದ್ದಳು. ಆ ನಂತರ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿಕೊಳ್ಳುವುದು ಸಿನಿಮಾದವರ ಖಯಾಲಿಯಾಯಿತು. ಕಬ್ಬಾಲಾ ಅಂದರೆ ದೃಷ್ಟಿದಾರ, ಅದೃಷ್ಟದ ಸಂಖ್ಯೆ ಎಂದು ತಿಳಿದವರು ಅಲ್ಲಿಂದ ಹೆಚ್ಚಿದರು. ಅಸಲು ಸಂಗತಿ ಇರುವುದು ಹಬ್ಬಗಳಲ್ಲಿ, ಅದೂ ಮನೆಯೊಳಗೆ, ಊಟದ ಮೇಜಿನ ಹತ್ತಿರ.

13ನೆಯ ಶತಮಾನದ ಕೊನೆಯಲ್ಲಿ ಸ್ಪೇನಿನ ಕ್ಯಾಸ್ಟೀಲ್ ಸೀಮೆಯಲ್ಲಿ ಕಬ್ಬಾಲಾದ ಮುಖ್ಯ ಗ್ರಂಥವಾದ ‘ಜೋಹರ್’ ಬೆಳಕಿಗೆ ಬಂತು. 2ನೆಯ ಶತಮಾನದ ಶಿಮೋನ್ ಬಾರ್ ಯೋಹಾಯ್ ಎಂಬ ಋಷಿಯದು ಅದು ಎನ್ನುವುದು ಸಂಪ್ರದಾಯ. ಮೋಸೆಸ್ ಡಿ ಲಿಯೋನ್ ಎಂಬ ಕ್ಯಾಸ್ಟೀಲಿನ ಪಂಡಿತನದೇ ಕೈ ಎಂದು ತೋರಿಸಿಕೊಟ್ಟವರು 20ನೆಯ ಶತಮಾನದ ವಿದ್ವಾಂಸ ಗೆರ್ಶೋಮ್ ಶೋಲೆಮ್. 1492ರಲ್ಲಿ ಸ್ಪೇನಿನ ಅರಸರು ಯಹೂದಿಗಳನ್ನು ಹೊರದೂಡಿದರು. ನೆಲೆ ಕಳೆದುಕೊಂಡವರಲ್ಲಿ ಹಲವರು ಗಲಿಲಾಯದ ಗುಡ್ಡದ ಮೇಲಿನ ಸಫೇದ್ ಎಂಬ ಊರು ಸೇರಿದರು. ಅಲ್ಲಿಗೆ 1570ರಲ್ಲಿ ಈಜಿಪ್ಟಿನಿಂದ ಐಸಾಕ್ ಲೂರಿಯಾ ಬಂದ. ಎರಡೇ ವರ್ಷ ಬದುಕಿದ, 38ಕ್ಕೆ ಸತ್ತ, ತಾನಾಗಿ ಬರೆದದ್ದು ಬಹಳ ಕಡಿಮೆ. ಅವನು ಹೇಳಿದ್ದನ್ನು ಶಿಷ್ಯ ಹಯ್ಯಿಂ ವಿಟಾಲ್ ಬರೆದಿಟ್ಟ. ಇವತ್ತು ಕಬ್ಬಾಲಾ ಎಂದು ಕರೆಯುವುದರ ಬಹುಪಾಲು ಆ ಎರಡು ವರ್ಷದ ಮಾತು.

ಏನು ಆ ಮಾತು? ಹೆಸರು, ರೂಪ, ಅಂತ್ಯ ಯಾವುದೂ ಇಲ್ಲದ ಒಂದು ತತ್ತ್ವ. ಅದು ಹತ್ತು ನೆಲೆಗಳಲ್ಲಿ ತನ್ನನ್ನು ತೋರಿಸಿಕೊಳ್ಳುತ್ತದೆ. ಅವಕ್ಕೆ ಸೆಫಿರೋತ್ ಎನ್ನುತ್ತಾರೆ. ಒಂದು ಕರುಣೆ, ಒಂದು ಬಿಗಿ ನ್ಯಾಯ, ಇವೆರಡರ ನಡುವೆ ಸಮತೋಲ, ಹೀಗೆ. ಹತ್ತನೆಯದು ಸ್ತ್ರೀ. ಅವಳು ಶೆಖಿನಾ, ಈ ಲೋಕದಲ್ಲಿ ನೆಲೆನಿಂತ ದೈವ. ಲೂರಿಯಾ ಹೇಳಿದ ಕಥೆಯಂತೆ ಸೃಷ್ಟಿಯ ಮೊದಲಲ್ಲಿ ಬೆಳಕು ತುಂಬಿದ ಪಾತ್ರೆಗಳು ಭಾರ ತಾಳದೆ ಒಡೆದವು, ಕಿಡಿಗಳು ಲೋಕದ ಎಲ್ಲ ವಸ್ತುಗಳಲ್ಲಿ ಚೆದುರಿ ಸಿಕ್ಕಿಕೊಂಡವು. ಊರು ಬಿಟ್ಟು ಅಲೆಯುವ ಜನರ ಜೊತೆಗೆ ಶೆಖಿನಾ ಕೂಡ ಮನೆ ತಪ್ಪಿ ಅಲೆಯುತ್ತಿದ್ದಾಳೆ. ಒಡೆದದ್ದನ್ನು ಕೂಡಿಸುವ ಕೆಲಸ ದೇವರೊಬ್ಬನ ಕೈಯಲ್ಲಿಲ್ಲ, ಮನುಷ್ಯರ ಪಾಲಿಗೆ ಬಂದಿದೆ. ಹಬ್ಬಗಳು ಆ ಕೆಲಸಕ್ಕೆ ಗೊತ್ತುಮಾಡಿದ ದಿನಗಳು. ಬೈಬಲ್ ಓದಿದವರಿಗೆ ಯಹೂದಿ ಹಬ್ಬವೆಂದರೆ ಈಜಿಪ್ಟಿನ ಬಿಡುಗಡೆ, ಸಿನಾಯಿಯ ಆಜ್ಞೆ ಇತ್ಯಾದಿ ಹಳೆಯ ಘಟನೆಗಳ ಸ್ಮರಣೆ. ಕಬ್ಬಾಲಿಗರಿಗೆ ಆ ಘಟನೆ ಈ ವರ್ಷವೂ, ಈ ರಾತ್ರಿಯೂ ಆಗಬೇಕು. ಆಗದಿದ್ದರೆ ಮೇಲೂ ಅಷ್ಟೇ ಕೆಲಸ ಬಾಕಿ.

ಹೊಸವರ್ಷದ ರೋಶ್ ಹಶಾನಾವನ್ನೇ ತೆಗೆದುಕೊಳ್ಳಿ. ಆದಿಯಲ್ಲಿ ಗಂಡು ಹೆಣ್ಣು ಬೆನ್ನಿಗೆ ಬೆನ್ನು ಅಂಟಿ ಒಂದೇ ಮೈಯಾಗಿದ್ದವು ಎನ್ನುವುದು ಯಹೂದಿ ಪುರಾಣದ ಒಂದು ಹಳೆಯ ಮಾತು. ದೈವದ ಒಳಗೂ ಹಾಗೆಯೇ ಎಂದ ಲೂರಿಯಾ. ಅಂಟಿಕೊಂಡವರು ಒಬ್ಬರ ಮುಖವನ್ನೊಬ್ಬರು ನೋಡಲಾರರು. ಹೊಸವರ್ಷದ ದಿನ ದೈವದ ಪುರುಷಭಾಗದ ಮೇಲೆ ನಿದ್ದೆ ಕವಿಯುತ್ತದೆ, ಸ್ತ್ರೀಭಾಗವನ್ನು ಗರಗಸದಿಂದ ಬೇರ್ಪಡಿಸುವ ಕೆಲಸ ಶುರುವಾಗುತ್ತದೆ. ಆ ದಿನ ಆಕಾಶದಲ್ಲಿ ಚಂದ್ರನೂ ಇಲ್ಲದಂತೆಯೇ. ಟಗರಿನ ಕೊಂಬಿನ ಶೋಫಾರ್ ಊದುವುದು ಆ ನಿದ್ದೆಯನ್ನು ಎಚ್ಚರಿಸಲಿಕ್ಕೆ. ಅಗಲಿಕೆ ಯಾಕೆ? ಎದುರುಬದುರು ನಿಂತು ಕೂಡಲಿಕ್ಕೆ. ಅರ್ಧನಾರೀಶ್ವರನನ್ನು ಬಲ್ಲ ನಮಗೆ ಈ ಚಿತ್ರ ಅರ್ಧ ಹತ್ತಿರ, ಅರ್ಧ ದೂರ: ನಾವು ಒಂದಾಗಿರುವ ಮೈಗೆ ಕೈ ಮುಗಿಯುತ್ತೇವೆ, ಲೂರಿಯಾಗೆ ಅದು ಇನ್ನೂ ಕೂಡಿಲ್ಲದ ಅವಸ್ಥೆ. ಬೇರ್ಪಡಿಸುವ ಈ ಕೆಲಸ ಹತ್ತು ದಿನ ನಡೆಯುತ್ತದೆ. ಹತ್ತನೆಯ ದಿನ, ಯೋಮ್ ಕಿಪ್ಪೂರಿನಂದು, ಎಲ್ಲವೂ ಮೂರನೆಯ ನೆಲೆಗೆ, ತಾಯಿ ಎಂದು ಕರೆಯುವ ಎತ್ತರಕ್ಕೆ ಏರುತ್ತದೆ. ತಾಯಿಯಿಂದಲೇ ಪೋಷಣೆ ಬರುವಾಗ ಅಂದು ಅನ್ನ ಬೇಕಿಲ್ಲ. ಉಪವಾಸಕ್ಕೆ ಅವರು ಕೊಡುವ ವಿವರಣೆ ಇದು, ದಂಡನೆಯ ಮಾತೇ ಇಲ್ಲ. ಬೇರೆ ದಿನ ಮೂರು ಸಲ ನಡೆಯುವ ಪ್ರಾರ್ಥನೆ ಆ ದಿನ ಐದು ಸಲ. ಆತ್ಮಕ್ಕೆ ಐದು ಮೆಟ್ಟಿಲು ಎಂಬುದು ಅವರ ಎಣಿಕೆ. ಪಂಚಕೋಶ ಎಂದು ಬಾಯಿಗೆ ಬರುತ್ತದೆ, ಆದರೆ ಐದೆಂಬ ಸಂಖ್ಯೆಯಾಚೆ ಆ ಹೋಲಿಕೆ ಬಹಳ ದೂರ ನಡೆಯುವುದಿಲ್ಲ.

ಉಪವಾಸ ಮುರಿದ ರಾತ್ರಿಯೇ ಎಷ್ಟೋ ಮನೆಗಳಲ್ಲಿ ಸುತ್ತಿಗೆಯ ಸದ್ದು ಕೇಳುತ್ತದೆ. ಐದನೆಯ ದಿನ, ಹುಣ್ಣಿಮೆಗೆ, ಸುಕ್ಕೋತ್. ಅಷ್ಟರೊಳಗೆ ಅಂಗಳದಲ್ಲೋ ಮಾಳಿಗೆಯಲ್ಲೋ ಚಪ್ಪರ ಏಳಬೇಕು. ಗೋಡೆ ಯಾವುದರದ್ದಾದರೂ ಆದೀತು, ಮಾಡಿಗೆ ಮಾತ್ರ ಕಡಿದ ಗಿಡಮರದ್ದೇ ಸೋಗೆ, ಕೊಂಬೆ, ಬಿದಿರು. ತಗಡು ಕೂಡದು, ಬಟ್ಟೆ ಕೂಡದು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ರಾತ್ರಿ ಸಂದಿಯಲ್ಲಿ ನಕ್ಷತ್ರ ಕಂಡರೆ ಒಳ್ಳೆಯದು. ಏಳು ದಿನ ಊಟ ಅಲ್ಲೇ, ಸಾಧ್ಯವಾದರೆ ನಿದ್ದೆಯೂ ಅಲ್ಲೇ. ಜೋರು ಮಳೆ ಬಂದರೆ ಎದ್ದು ಮನೆಯೊಳಗೆ ಹೋಗಲು ಅಡ್ಡಿಯಿಲ್ಲ. ಜೋಹರ್ ಇದನ್ನು ಶ್ರದ್ಧೆಯ ನೆರಳು ಎನ್ನುತ್ತದೆ. ಶೆಖಿನಾ ರೆಕ್ಕೆ ಹರಡಿ ಕೂತ ಜಾಗ. ಉಳಿದ ಆಚರಣೆಗಳನ್ನು ಕೈಯಲ್ಲೋ ಬಾಯಲ್ಲೋ ಮಾಡುತ್ತೇವೆ, ಇದರೊಳಕ್ಕೆ ಮಾತ್ರ ಕೆಸರು ಮೆತ್ತಿದ ಕಾಲಿನ ಸಮೇತ ಇಡೀ ಮನುಷ್ಯ ಹೋಗುತ್ತಾನೆ ಎನ್ನುವುದು ಆಮೇಲಿನವರ ಮಾತು. ಒಳಗೆ ಹಿಡಿಸಲಾರದಷ್ಟು ದೊಡ್ಡ ಬೆಳಕು ಹೊರಗಿನಿಂದ ಸುತ್ತುವರಿಯುತ್ತದೆ, ಚಪ್ಪರ ಅದಕ್ಕೊಂದು ಆಕಾರ.

ಪ್ರತಿ ಸಂಜೆ ಒಬ್ಬ ಹಿರಿಯ ಈ ಚಪ್ಪರಕ್ಕೆ ಬರುತ್ತಾನೆ. ಅಬ್ರಹಾಂ, ಐಸಾಕ್, ಯಾಕೋಬ್, ಮೋಶೆ, ಆರೋನ್, ಯೋಸೇಫ್, ದಾವೀದ್. ಏಳು ದಿನಕ್ಕೆ ಏಳು ಮಂದಿ, ಒಬ್ಬೊಬ್ಬರೂ ಒಂದೊಂದು ನೆಲೆಯ ಮೂರ್ತಿ. ಅಬ್ರಹಾಂ ಕರುಣೆ, ಐಸಾಕ್ ಬಿಗಿ, ಅವೆರಡನ್ನೂ ತೂಗಿಸುವವನು ಯಾಕೋಬ್. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುವುದು ವಾಡಿಕೆ, ಕೆಲವರು ಬರಿಯ ಕುರ್ಚಿ ಹಾಕಿಡುತ್ತಾರೆ. ಜೋಹರ್ ಇಲ್ಲೊಂದು ಷರತ್ತು ಹಾಕುತ್ತದೆ. ಆ ಹಿರಿಯರ ಪಾಲಿನ ಊಟ ಬಡವರಿಗೆ ಹೋಗಬೇಕು. ಬಡವನನ್ನು ಕೂರಿಸದೆ ತಾನೇ ಉಂಡರೆ ಬಂದ ಅತಿಥಿಗಳು ಎದ್ದು ಹೊರಟುಹೋಗುತ್ತಾರೆ. ಇಷ್ಟು ದೂರ ಬೆಳಕು, ನೆಲೆ, ರೆಕ್ಕೆ ಎಂದು ಬಂದ ಗ್ರಂಥ ಒಮ್ಮೆಗೇ ಎಲೆ ಹಾಕಿ ಬಡಿಸುವ ಮಾತಿಗೆ ಇಳಿಯುವುದು ನನಗೆ ಕಬ್ಬಾಲಾದಲ್ಲಿ ಅತ್ಯಂತ ಇಷ್ಟವಾದ ಗುಣ.

ಸುಕ್ಕೋತಿನಲ್ಲಿ ಕೈಗೆ ಹಿಡಿಯುವುದು ನಾಲ್ಕು: ಖರ್ಜೂರದ ಬಿಚ್ಚದ ಎಳೆಗರಿ, ಘಮಘಮಿಸುವ ಮರ್ಟಲ್ ಗಿಡದ ಮೂರು ಕಡ್ಡಿ, ನೀರಂಚಿನ ವಿಲೋ ಮರದ ಎರಡು ಕಡ್ಡಿ, ಒಂದು ಮಾದಲ ಹಣ್ಣು. ಮಾದಲ ಅಂದರೆ ದಪ್ಪ ಸಿಪ್ಪೆಯ, ಉಬ್ಬುತಗ್ಗಿನ, ರಸ ಕಡಿಮೆಯಿದ್ದು ಪರಿಮಳ ಹೆಚ್ಚಿರುವ ನಿಂಬೆ ಜಾತಿಯ ಹಣ್ಣು, ಹಿಬ್ರೂವಿನಲ್ಲಿ ಎತ್ರೋಗ್. ಅದನ್ನು ಕೊಳ್ಳುವ ಸಂಭ್ರಮ ನೋಡಬೇಕು. ನಾರಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ ಹಣ್ಣನ್ನು ಭೂತಗನ್ನಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಚುಕ್ಕೆ ಇರಬಾರದು. ತುದಿಯಲ್ಲಿ ಮೊಗ್ಗಿನ ಮೊನೆ ಇದ್ದ ಹಣ್ಣಾದರೆ ಆ ಮೊನೆ ಮುರಿದಿರಬಾರದು. ನಿಂಬೆಯೊಂದಿಗೆ ಕಸಿ ಮಾಡಿದ ಮರದ್ದಾದರೆ ಬೇಡವೇ ಬೇಡ.

ಕಬ್ಬಾಲಿಗರ ಲೆಕ್ಕದಲ್ಲಿ ಮೂರು ಮರ್ಟಲ್, ಎರಡು ವಿಲೋ, ಒಂದು ಗರಿ ಸೇರಿ ಆರು ನೆಲೆಗಳು. ಮಾದಲ ಹಣ್ಣು ಒಂಟಿ, ಅದೇ ಶೆಖಿನಾ. ಕಡ್ಡಿಗಳ ಕಟ್ಟು ಬಲಗೈಯಲ್ಲಿ, ಹಣ್ಣು ಎಡಗೈಯಲ್ಲಿ. ಎರಡನ್ನೂ ತಾಗಿಸಿ ಹಿಡಿದು ದಕ್ಷಿಣ, ಉತ್ತರ, ಪೂರ್ವ, ಮೇಲೆ, ಕೆಳಗೆ, ಪಶ್ಚಿಮ ಎಂಬ ಲೂರಿಯಾನ ಕ್ರಮದಲ್ಲಿ ಆರು ದಿಕ್ಕಿಗೂ ಅಲುಗಿಸಿ ಎದೆಗೆ ತರುತ್ತಾರೆ. ತಾಗಿಸಿಯೇ ಹಿಡಿಯಬೇಕು ಎಂಬುದರ ಹಿಂದೆ ಒಂದು ಕನಸಿನ ಕಥೆಯಿದೆ. ಇಟಲಿಯ ಮೆನಾಹೆಮ್ ರೆಕನಾತಿ ಎಂಬ ಕಬ್ಬಾಲಿಗ, 14ನೆಯ ಶತಮಾನದ ಆಸುಪಾಸಿನವನು. ಸುಕ್ಕೋತಿನ ಮೊದಲ ರಾತ್ರಿ ಅವನ ಮನೆಯಲ್ಲಿ ಜರ್ಮನ್ ಸೀಮೆಯ ಸಾಧು ಪುರುಷನೊಬ್ಬ ತಂಗಿದ್ದ. ದೇವರ ನಾಲ್ಕು ಅಕ್ಷರದ ಹೆಸರನ್ನು ಆ ಅತಿಥಿ ಬರೆಯುತ್ತಿರುವಂತೆಯೂ, ಮೂರು ಅಕ್ಷರ ಬರೆದು ಕೊನೆಯದನ್ನು ದೂರಕ್ಕೆ ಹಾಕಿದಂತೆಯೂ ಕನಸು. ಹೀಗೇಕೆ ಎಂದು ಕೇಳಿದರೆ ನಮ್ಮ ಕಡೆ ಹೀಗೇ ಬರೆಯುವುದು ಎಂದನಂತೆ. ರೆಕನಾತಿ ಅದನ್ನು ತಿದ್ದಿ ಕೂಡಿಸಿ ಬರೆದ. ಬೆಳಗಾಯಿತು. ಪ್ರಾರ್ಥನೆಯಲ್ಲಿ ನೋಡುತ್ತಾನೆ, ಅತಿಥಿ ಗರಿಯ ಕಟ್ಟನ್ನಷ್ಟೇ ಅಲುಗಿಸುತ್ತಿದ್ದಾನೆ, ಮಾದಲ ಹಣ್ಣು ಜೊತೆಗಿಲ್ಲ. ಕನಸು ಏನೆಂದು ಆಗ ಹೊಳೆಯಿತು. ಕೊನೆಯ ಅಕ್ಷರವೆಂದರೆ ಅವಳೇ. ಮುಂದೆ 16ನೆಯ ಶತಮಾನದಲ್ಲಿ ಯಹೂದಿ ಕಟ್ಟಳೆಗಳನ್ನೆಲ್ಲ ಕ್ರೋಡೀಕರಿಸಿದ ಯೋಸೇಫ್ ಕಾರೋ ತನ್ನ ಗ್ರಂಥದಲ್ಲಿ ಈ ಕನಸನ್ನು ದಾಖಲಿಸಿದ್ದಾನೆ. ಕನಸೊಂದು ಕಾನೂನಿನ ಪುಸ್ತಕಕ್ಕೆ ಬಂದದ್ದು ಹೀಗೆ.

ಮಾದಲ ಹಣ್ಣು ನಮ್ಮ ಕಡೆಯದು. ಈಶಾನ್ಯ ಭಾರತದಿಂದ ಯುನ್ನಾನ್‌ವರೆಗಿನ ಹಿಮಾಲಯದ ತಪ್ಪಲು ಅದರ ತವರು. ಪರ್ಷಿಯಾದ ಮೂಲಕ ಪಶ್ಚಿಮಕ್ಕೆ ಹೋಯಿತು. ಜೆರುಸಲೇಮಿನ ಬಳಿಯ ರಾಮತ್ ರಾಹೆಲ್ ಎಂಬಲ್ಲಿ ಕ್ರಿ.ಪೂ. 5-4ನೆಯ ಶತಮಾನದ ಅರಮನೆ ತೋಟದ ಗಾರೆಯಲ್ಲಿ ಅದರ ಪರಾಗ ಸಿಕ್ಕಿದೆ. ಸಂಸ್ಕೃತದಲ್ಲಿ ಮಾತುಲುಂಗ. ದೇವೀಮಾಹಾತ್ಮ್ಯದ ಜೊತೆ ಪಾರಾಯಣ ಮಾಡುವ ಪ್ರಾಧಾನಿಕ ರಹಸ್ಯದಲ್ಲಿ ಮಹಾಲಕ್ಷ್ಮಿಯ ಒಂದು ಕೈಯಲ್ಲಿ ಇರುವುದು ಇದೇ ಹಣ್ಣು. ಕೊಲ್ಲಾಪುರದ ಮಹಾಲಕ್ಷ್ಮಿಯ ಕೈಯಲ್ಲಿ ಅದನ್ನು ಕಾಣಬಹುದು. ಭೃಗು ಕಾಲಿನಿಂದ ಒದ್ದಾಗ ವಿಷ್ಣು ಸುಮ್ಮನಿದ್ದನೆಂದು ಮುನಿದು ವೈಕುಂಠ ಬಿಟ್ಟುಬಂದ ಲಕ್ಷ್ಮಿ ನಿಂತದ್ದು ಕೊಲ್ಲಾಪುರದಲ್ಲಿ, ಅವಳನ್ನು ಹುಡುಕಿಕೊಂಡು ಇಳಿದವನು ತಿರುಪತಿಯಲ್ಲಿ ಎಂಬ ಕಥೆ ಈ ಊರಿನ ಯಾವ ಅಜ್ಜಿಗೂ ಗೊತ್ತು. ಮನೆ ಬಿಟ್ಟ ದೇವಿ, ಕೈಯಲ್ಲಿ ಮಾದಲ. ಲಕ್ಷ್ಮಿಯ ಹೆಸರಿನ ಬಡಾವಣೆಯಲ್ಲಿ ಕೂತು ಶೆಖಿನಾಳ ಬಗ್ಗೆ ಓದುವಾಗ ಮೈ ಜುಮ್ಮೆನ್ನದೆ ಇರುತ್ತದೆಯೇ? ಇಬ್ಬರೂ ಒಬ್ಬಳೇ ಎಂದು ಹೇಳಿಬಿಡುವ ಚಪಲವೂ ಬರುತ್ತದೆ. ಹಾಗೆ ಹೇಳಲು ಆಧಾರವಿಲ್ಲ. ಶೆಖಿನಾಗೆ ಮೂರ್ತಿಯಿಲ್ಲ, ಗುಡಿಯಿಲ್ಲ, ಅವಳನ್ನು ಬೇರೆ ದೇವತೆ ಎಂದವನನ್ನು ಕಬ್ಬಾಲಿಗರು ಹತ್ತಿರ ಸೇರಿಸರು. ಲಕ್ಷ್ಮಿ ಮುನಿದದ್ದು ಗಂಡನ ಮೇಲೆ, ಆ ಜಗಳ ಅವರಿಬ್ಬರದು. ಶೆಖಿನಾ ಮನೆ ಬಿಟ್ಟದ್ದು ಮಕ್ಕಳ ಹಿಂದೆ, ವಲಸೆ ಹೋದವರನ್ನು ಒಂಟಿಯಾಗಿ ಕಳಿಸಲಾರದೆ. ಅವಳ ದುಃಖದಲ್ಲಿ 1492ರ ಹೊಗೆ ಇದೆ.

ಮೈಸೂರಿನವರು ಒಂದು ಸುಕ್ಕೋತಿನಲ್ಲಿ ಸಫೇದ್ ಇರುವ ಆ ನೆಲದ ಮೇಲೆಯೇ ಇದ್ದರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆಪಡೆಗಳು ತುರ್ಕರಿಂದ ಹೈಫಾ ಬಂದರನ್ನು ಗೆದ್ದವು. ಜೋಧಪುರದವರು ನೇರ ಊರಿನ ಕಡೆ ನುಗ್ಗಿದರು, ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಬಿದ್ದರು. ಮೈಸೂರಿನ ತುಕಡಿಗಳು ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿದವು. ಸೆರೆಸಿಕ್ಕವರು 1,350 ಮಂದಿ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ.ಸಿ. ನಗರದ ಬಳಿಯೂ ಒಂದು ಸ್ಮಾರಕವಿದೆ. ಇಷ್ಟು ನಮಗೆ ಗೊತ್ತು. ಯಹೂದಿ ಪಂಚಾಂಗ ತೆರೆದರೆ ಆ ದಿನ 5679ರ ತಿಶ್ರಿ 17, ಸುಕ್ಕೋತಿನ ಮೂರನೆಯ ದಿನ. ಚಪ್ಪರಕ್ಕೆ ಬರಬೇಕಿದ್ದ ಹಿರಿಯ ಯಾಕೋಬ್, ಬಿಗಿಯನ್ನೂ ಕರುಣೆಯನ್ನೂ ತೂಗಿಸುವವನು. ಲೂರಿಯಾ ಪಾಠ ಹೇಳಿದ ಸಫೇದ್ ಅಲ್ಲಿಗೆ ಸುಮಾರು 50 ಕಿಲೋಮೀಟರ್. ನಮ್ಮ ಪಂಚಾಂಗದಲ್ಲಿ ಅದು ಕಾಳಯುಕ್ತಿ ಸಂವತ್ಸರದ ಭಾದ್ರಪದ ಬಹುಳ, ಪಿತೃಪಕ್ಷ. ಇಲ್ಲಿ ಮನೆಮನೆಯಲ್ಲಿ ಹಿರಿಯರನ್ನು ಕರೆದು ಎಡೆ ಇಡುವ ಹದಿನೈದು ದಿನ, ಅಲ್ಲಿ ಚಪ್ಪರದ ಬಾಗಿಲಲ್ಲಿ ನಿಂತು ಹಿರಿಯರನ್ನು ಕರೆಯುವ ಏಳು ದಿನ. ಕುದುರೆಯ ಮೇಲಿದ್ದವರಿಗೆ ತಿಥಿ ನೆನಪಿಗೆ ಬರುವ ಹೊತ್ತು ಅದಲ್ಲ. ಯುದ್ಧಕ್ಕೆ ಒಳಾರ್ಥ ಹಚ್ಚುವ ಆಸೆಯೂ ನನಗಿಲ್ಲ; ಸತ್ತ ಕುದುರೆಗಳೇ 60.

ಉಳಿದ ಹಬ್ಬಗಳ ಒಳಗೂ ಇದೇ ಎಳೆ ಓಡುತ್ತದೆ. ಹನುಕ್ಕಾದಲ್ಲಿ ಎಂಟು ರಾತ್ರಿ ಒಂದು, ಎರಡು, ಮೂರು ಎಂದು ಏರಿಸಿ ಹಚ್ಚುವ ದೀಪಗಳು ಒಟ್ಟು 36. ಸೃಷ್ಟಿಯ ಮೊದಲ ಬೆಳಕು ಆದಾಮನಿಗೆ 36 ಗಂಟೆ ಕಂಡು ಆಮೇಲೆ ಮರೆಯಾಯಿತು, ಆ ಬಚ್ಚಿಟ್ಟ ಬೆಳಕು ಇದು ಎನ್ನುತ್ತಾರೆ. ಪೂರಿಮ್ ಹಬ್ಬಕ್ಕೆ ಓದುವ ಎಸ್ತೇರಳ ಕಥೆಯಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ವೇಷ ಹಾಕಿ, ಕುಡಿದು ಕುಣಿಯುವ ಆ ದಿನಕ್ಕೆ ಯೋಮ್ ಕಿಪ್ಪೂರಿಗಿಂತ ಮೇಲಿನ ಸ್ಥಾನ ಕೊಟ್ಟ ಕಬ್ಬಾಲಿಗರಿದ್ದಾರೆ. ಪೆಸಾಖಿನಲ್ಲಿ ಹುಳಿ ಬಂದ ಹಿಟ್ಟು ಮನೆಯಲ್ಲಿ ಇರಕೂಡದು, ದೀಪ ಹಿಡಿದು ಮೂಲೆಮೂಲೆ ಹುಡುಕುತ್ತಾರೆ. ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಿದ ಚಪ್ಪಟೆ ರೊಟ್ಟಿಯೇ ಏಳೆಂಟು ದಿನದ ಆಹಾರ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಮುಚ್ಚಳ ಎತ್ತಿ ಹೊರಗೆ ಬಂದಿರುತ್ತದಲ್ಲ, ಅಹಂಕಾರ ಹಾಗೆ ಉಬ್ಬುತ್ತದೆ ಎಂಬುದು ಜೋಹರಿನ ಕಡೆಯವರ ಆಕ್ಷೇಪ. ಅಲ್ಲಿಂದ 49 ದಿನ ಎಣಿಕೆ. ಏಳು ನೆಲೆಗಳನ್ನು ಏಳರಿಂದ ಗುಣಿಸಿ, ಕರುಣೆಯೊಳಗಿನ ಕರುಣೆ, ಕರುಣೆಯೊಳಗಿನ ಬಿಗಿ ಎಂದು ದಿನಕ್ಕೊಂದು ಗುಣವನ್ನು ತನ್ನಲ್ಲಿ ತಿದ್ದಿಕೊಳ್ಳುವುದು.

50ನೆಯ ದಿನ ಶಾವುವೋತ್. ಹಿಂದಿನ ರಾತ್ರಿ ಶಿವರಾತ್ರಿಯಂತೆ ಜಾಗರಣೆ, ಬೆಳಗಾದರೆ ಮದುವೆಯಾಗುವ ಶೆಖಿನಾಗೆ ಓದಿನಿಂದ ಒಡವೆ ತೊಡಿಸುವ ರಾತ್ರಿ. ಕಟ್ಟಳೆಗಳ ಪಂಡಿತ ಎಂದೆನಲ್ಲ, ಆ ಯೋಸೇಫ್ ಕಾರೋ ಇನ್ನೂ ತುರ್ಕರ ಸೀಮೆಯಲ್ಲಿದ್ದಾಗ ಇಂಥ ಒಂದು ರಾತ್ರಿ ಗೆಳೆಯರ ಜೊತೆ ಓದುತ್ತಿದ್ದ. ನಡುರಾತ್ರಿ ಅವನ ಬಾಯಿಂದ ಹೆಣ್ಣಿನ ಅಳಲು ಹೊರಟಿತು. ಎಷ್ಟೋ ವರ್ಷ ಧೂಳಿನಲ್ಲಿ ಬಿದ್ದಿದ್ದವಳನ್ನು ನೀವು ಎತ್ತಿದಿರಿ ಎಂಬ ಅರ್ಥದ ಮಾತು. ಅಲ್ಲಿದ್ದ ಶ್ಲೋಮೋ ಅಲ್ಕಬೆಟ್ಸ್ ಅದನ್ನು ಪತ್ರದಲ್ಲಿ ಬರೆದಿಟ್ಟಿದ್ದಾನೆ. ಮುಂದೆ ಇಬ್ಬರೂ ಸಫೇದ್ ಸೇರಿದರು. ಶುಕ್ರವಾರ ಸಂಜೆ ಬಿಳಿಬಟ್ಟೆಯಲ್ಲಿ ಹೊಲದ ಕಡೆ ಹೋಗಿ ಸಬ್ಬತ್ ಎಂಬ ಮದುವಣಗಿತ್ತಿಯನ್ನು ಎದುರುಗೊಳ್ಳುವುದು ಆ ಊರಿನ ಪದ್ಧತಿ. ಅದಕ್ಕೆಂದು ಅಲ್ಕಬೆಟ್ಸ್ ಕಟ್ಟಿದ ಹಾಡು ಇವತ್ತಿಗೂ ಅವರ ಪ್ರಾರ್ಥನಾಮಂದಿರಗಳಾದ ಸಿನಗಾಗುಗಳಲ್ಲಿ ಕೇಳಿಬರುತ್ತದೆ, ಕೊನೆಯ ನುಡಿಗೆ ಎಲ್ಲರೂ ಬಾಗಿಲ ಕಡೆ ತಿರುಗಿ ತಲೆಬಾಗುತ್ತಾರೆ. ಆ ರಾತ್ರಿಯ ಎರಡು ದೀಪ, ಊಟ, ಗಂಡ ಹೆಂಡಿರ ಹಾಸಿಗೆ ಎಲ್ಲವೂ ಮೇಲಿನ ಕೂಡಾಟಕ್ಕೆ ಒದಗುತ್ತದೆ ಎಂದವರು ಈ ಕಬ್ಬಾಲಿಗರು. ಸಂನ್ಯಾಸಕ್ಕೆ ಇಲ್ಲಿ ಜಾಗವಿಲ್ಲ. ನಮ್ಮ ಶರಣರಿಗೆ ಈ ಮಾತು ಹೊಸತೆನ್ನಿಸುತ್ತಿರಲಿಲ್ಲ.

ದಕ್ಷಿಣ ಭಾರತಕ್ಕೆ ಕಬ್ಬಾಲಾದ ಗಾಳಿ ತಾಗಿದ್ದು ಎಷ್ಟರಮಟ್ಟಿಗೆ? 1132ರಿಂದ 1149ರವರೆಗೆ ಮಂಗಳೂರಿನಲ್ಲಿ ಹಿತ್ತಾಳೆ ಪಾತ್ರೆಯ ಕಾರ್ಖಾನೆ ಇಟ್ಟು, ಆಶು ಎಂಬ ಇಲ್ಲಿಯ ಹೆಣ್ಣಿನೊಂದಿಗೆ ಸಂಸಾರ ಮಾಡಿದ ಅಬ್ರಹಾಂ ಬೆನ್ ಯಿಜು ಜೋಹರಿಗಿಂತ ಒಂದೂವರೆ ಶತಮಾನ ಹಿಂದಿನವನು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಮಾತ್ರ ಹೆಸರಾಂತ ಕಬ್ಬಾಲಿಗನ ಸಮಾಧಿಯೇ ಇದೆ: ನೆಹೆಮಿಯಾ ಮೋಟಾ, ತೀರಿಕೊಂಡದ್ದು 1615ರ ಹನುಕ್ಕಾದ ಮೊದಲ ದಿನ. ಊರಿನ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಹರಕೆ ಹೊತ್ತು ಬರುವ ಜಾಗ ಅದು. ಸುಕ್ಕೋತ್ ಮುಗಿದ ಮೇಲಿನ ಸಿಮ್ಹತ್ ತೋರಾ ಹಬ್ಬಕ್ಕೆ ಕೊಚ್ಚಿಯವರು ಧರ್ಮಗ್ರಂಥದ ಸುರುಳಿಗಳನ್ನು ಹೊತ್ತು ಸಿನಗಾಗಿನ ಹೊರಗೂ ಪ್ರದಕ್ಷಿಣೆ ಬರುತ್ತಿದ್ದರು; ಬೇರೆ ಕಡೆಯ ಯಹೂದಿಗಳು ಸಾಮಾನ್ಯವಾಗಿ ಒಳಗೆ ಸುತ್ತುತ್ತಾರೆ. ಬೆಂಗಳೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಯಹೂದಿಗಳಿಗೆ ಸ್ಮಶಾನಕ್ಕೆಂದು ಜಾಗ ಕೊಟ್ಟರು. ಅಲ್ಲಿ ಮಲಗಿದವರಲ್ಲಿ ಕೊಂಕಣದ ಬೆನೆ ಇಸ್ರೇಲ್ ಪಂಗಡದವರೂ ಇದ್ದಾರೆ. ಗಾಣದ ಎಣ್ಣೆ ತೆಗೆಯುವುದು ಅವರ ಹಳೆಯ ಕಸುಬು, ಮರಾಠಿ ಮನೆಮಾತು.

ಈ ಪಂಗಡದವರ ಮನೆಯ ಒಂದು ಪದ್ಧತಿಗೆ ಬರುತ್ತೇನೆ. ಶೆವಾತ್ ಮಾಸದ ಹುಣ್ಣಿಮೆ ಯಹೂದಿಗಳಲ್ಲಿ ಮರಗಳ ಹೊಸವರ್ಷ. 2024ರಲ್ಲಿ ಅದು ಜನವರಿ 25ರಂದು ಬಿತ್ತು, ಅಂದೇ ನಮ್ಮ ಬನದ ಹುಣ್ಣಿಮೆ. ಬಾದಾಮಿಯ ಬನಶಂಕರಿಗೆ 108 ಬಗೆಯ ಪಲ್ಯ ಎಡೆ ಇಡುವ ಕಾಲದಲ್ಲಿ ಅವರಲ್ಲಿ ಹಣ್ಣುಗಳ ಊಟ. ಲೂರಿಯಾನ ಪರಂಪರೆಯವರು ಇದಕ್ಕೂ ಕ್ರಮ ಹಚ್ಚಿದರು. 18ನೆಯ ಶತಮಾನದಲ್ಲಿ ಅದು ಪುಸ್ತಕವೂ ಆಯಿತು. ಬಾದಾಮಿ, ದಾಳಿಂಬೆಯಂತೆ ಹೊರಗೆ ಸಿಪ್ಪೆ ಬಿಡಿಸಬೇಕಾದ ಹಣ್ಣು ಈ ಕರ್ಮಲೋಕದ್ದು. ಖರ್ಜೂರ, ಆಲಿವ್‌ನಂತೆ ಒಳಗೆ ಬೀಜ ಉಳಿಸುವುದು ಅದರ ಮೇಲಿನದು. ಅಂಜೂರ, ದ್ರಾಕ್ಷಿಯಂತೆ ಏನೂ ಎಸೆಯದೆ ತಿನ್ನುವುದು ಇನ್ನೂ ಮೇಲಿನದು. ಎಲ್ಲಕ್ಕೂ ಮೇಲಿನ ಲೋಕಕ್ಕೆ ಹಣ್ಣೇ ಇಲ್ಲ. ಹಣ್ಣು ತಿನ್ನುವಾಗ ಅದರಲ್ಲಿ ಸಿಕ್ಕಿಕೊಂಡ ಕಿಡಿ ಬಿಡುಗಡೆಯಾಗುತ್ತದೆ.

ಕೊಂಕಣದವರು ಈ ಪುಸ್ತಕ ನೋಡಿದವರಲ್ಲ. ಅವರಿಗೆ ಅದು ಎಲಿಯಾಹು ಪ್ರವಾದಿಯ ದಿನ. ಮೈಸೂರಿನ ಕುದುರೆಗಳು ಏರಿದ ಕಾರ್ಮೆಲ್ ಬೆಟ್ಟದ ಎಲಿಯಾಹುವೇ ಇವನು. ಅಲಿಬಾಗ್ ಬಳಿಯ ಖಂಡಾಲಾ ಎಂಬ ಹಳ್ಳಿಯ ಬಂಡೆಯ ಮೇಲೆ ಅವನ ರಥದ ಗುರುತಿದೆ ಎಂದು ನಂಬಿ ಅಲ್ಲಿಗೆ ಹೋಗುತ್ತಾರೆ, ಹರಕೆ ತೀರಿಸುತ್ತಾರೆ, ಮನೆಯಲ್ಲಿ ಮಲೀದಾ ಕಲಸುತ್ತಾರೆ. ನೆನೆದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ ಗೋಡಂಬಿ, ಸುತ್ತ ಹೆಚ್ಚಿದ ಹಣ್ಣುಗಳು. ಮರದ ಹಣ್ಣಿಗೊಂದು, ನೆಲದ ಬೆಳೆಗೊಂದು ಎಂದು ಬೇರೆ ಬೇರೆ ಮಂತ್ರ ಹೇಳಿ ಒಂದೊಂದನ್ನೇ ಬಾಯಿಗಿಟ್ಟುಕೊಂಡು, ಕೊನೆಗೆ ತಟ್ಟೆಯನ್ನು ಬಂದವರಿಗೆಲ್ಲ ಹಂಚುತ್ತಾರೆ. ನಮ್ಮ ಮನೆಗಳಲ್ಲಿ ಕೃಷ್ಣಾಷ್ಟಮಿಗೆ ಕಲಸುವ ಸಿಹಿ ಅವಲಕ್ಕಿಗೂ ಅದಕ್ಕೂ ಬೆಲ್ಲದ ಬದಲು ಸಕ್ಕರೆ ಎಂಬುದಷ್ಟೇ ವ್ಯತ್ಯಾಸ. ಅವಲಕ್ಕಿ ತೆಳುವಾದದ್ದಾದರೆ ನೆನೆಸುವುದು ಬೇಡ, ಎರಡು ಸಲ ತೊಳೆದು ಬಸಿದರೆ ಸಾಕು.